ಭಾನುವಾರದ ಭೇಟಿ: ಮೂರ್ಛೆರೋಗದ ಮಾತ್ರೆಗಳ ಕುರಿತು

ಎಲ್ಲ ಸದಸ್ಯರಿಗೂ ನಮಸ್ಕಾರ.

ಬರುವ ಭಾನುವಾರ ಬೆಳಿಗ್ಗೆ 10.30ಕ್ಕೆ ರಾಯಚೂರಿನ ಮಾವಿನಕೆರೆ ಸಮೀಪದ ಸಮುದಾಯ ಭವನದಲ್ಲಿ ಸೇರುತ್ತಿದ್ದೇವೆ. ಮಾತ್ರೆ ತೆಗೆದುಕೊಳ್ಳುತ್ತಿರುವವರೂ ಅವರನ್ನು ನೋಡಿಕೊಳ್ಳುವ ಮನೆಯವರೂ ತಪ್ಪದೆ ಬರಬೇಕೆಂದು ವಿನಂತಿ.

ಈ ಸಲದ ವಿಷಯ, ಬ್ರಿಟನ್ನಿನಲ್ಲಿ ನಡೆದು 2021ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಸನಾಡ್-2 ಅಧ್ಯಯನ. ಮೆದುಳಿನ ಒಂದು ಭಾಗದಿಂದ ಶುರುವಾಗುವ ಫಿಟ್ಸ್ ಇದ್ದ 990 ಜನರಲ್ಲಿ ಮೂರು ಔಷಧಿಗಳನ್ನು ಹೋಲಿಸಿದಾಗ ಹಳೆಯ ಲ್ಯಾಮೋಟ್ರಿಜಿನ್ ಮೊದಲ ಆಯ್ಕೆಯಾಗಿ ಉಳಿಯಿತು. ಅದಕ್ಕಿಂತ ಹೊಸದಾದ ಲೆವೆಟಿರಾಸಿಟಾಮ್ ಸರಿಸಾಟಿಯೆಂದು ಸಾಬೀತಾಗಲಿಲ್ಲ. ಹೊಸದು, ದುಬಾರಿಯಾದದ್ದೇ ಮೇಲು ಎಂದು ನಂಬಿದ್ದ ನನಗೂ ಇದು ಅಚ್ಚರಿಯೇ. ಇತರ ಬಗೆಯ ಫಿಟ್ಸ್ ಇದ್ದ 520 ಜನರಲ್ಲಿ ವಾಲ್‌ಪ್ರೊಯೇಟ್ ಎಂಬ ಇನ್ನೊಂದು ಔಷಧಿ ಹೆಚ್ಚು ಪರಿಣಾಮಕಾರಿಯಾಗಿತ್ತಾದರೂ, ಗರ್ಭಿಣಿಯರು ಸೇವಿಸಿದರೆ ಮಗುವಿನ ಬೆಳವಣಿಗೆಗೆ ಅಪಾಯವಿರುವುದರಿಂದ, ಮದುವೆ ವಯಸ್ಸಿನ ಹೆಣ್ಣುಮಕ್ಕಳಿರುವ ಮನೆಯವರು ಈ ಭಾಗವನ್ನು ಗಮನವಿಟ್ಟು ಕೇಳಬೇಕು.

ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು, ಬದಲಾಯಿಸಬಾರದು. ಹಠಾತ್ತನೆ ಬಿಟ್ಟರೆ ಫಿಟ್ಸ್ ಒಂದರ ಹಿಂದೊಂದು ಬಂದು ಪ್ರಾಣಕ್ಕೇ ಕುತ್ತಾಗಬಹುದು.

ಬರುವಾಗ ವೈದ್ಯರ ಚೀಟಿ, ಫಿಟ್ಸ್ ಬಂದ ದಿನ ಗುರುತಿಸಿದ ಕ್ಯಾಲೆಂಡರ್ ಮತ್ತು ಮಾತ್ರೆಯ ಪಟ್ಟಿ (ಸ್ಟ್ರಿಪ್) ತನ್ನಿ. ಕಳೆದ ಬಾರಿ ಒಬ್ಬರು ತಂದ ಪಟ್ಟಿಯಲ್ಲಿ ಹೆಸರಿದ್ದ ತುದಿಯನ್ನೇ ಕತ್ತರಿಸಲಾಗಿತ್ತು. ಉಳಿದಿದ್ದ ಎರಡು ಬಿಳಿ ಮಾತ್ರೆಗಳಿಂದ ಏನೂ ತಿಳಿಯಲಿಲ್ಲ.

ಎಷ್ಟು ಜನ ಬರುವಿರೆಂದು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಿ. ಸಿಂಧನೂರು, ಮಾನ್ವಿ ಕಡೆಯವರು ಬಸ್ಸಿನ ಸಮಯವನ್ನೂ ಬರೆದರೆ ಅನುಕೂಲ.