ಮಗಳಿಗೊಂದು ಪತ್ರ: ಮೊದಲ ಸಂಬಳ ಮತ್ತು ನಮ್ಮ ತೋಟ

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಸಂಬಳದ ದುಡ್ಡನ್ನ ಬೆಳೆಸೋದು ದುರಾಸೆ ಆಗಲ್ವಾ ಅಮ್ಮ?" ಅಂತ. ಮಳೆಯ ಸದ್ದಿನಲ್ಲಿ ಸರಿಯಾಗಿ ಮಾತಾಡೋಕೆ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬೈಬಲಿನಲ್ಲಿ ಮತ್ತಾಯ 25ನೇ ಅಧ್ಯಾಯ ತೆಗೆದು ಓದು. ಯಜಮಾನ ಕೊಟ್ಟಿದ್ದ ತಲಾಂತನ್ನು, ಅಂದರೆ ದೊಡ್ಡ ಮೊತ್ತದ ಹಣವನ್ನು, ಮಣ್ಣಲ್ಲಿ ಹೂತಿಟ್ಟ ಆಳಿಗೆ ಅವನು ಏನಂದ? ಸಾಹುಕಾರರ ಹತ್ತಿರವಾದರೂ ಇಟ್ಟಿದ್ದರೆ ಬಡ್ಡಿ ಸಮೇತ ಸಿಗುತ್ತಿತ್ತು ಅಂದ. ಬೆಳೆಸುವುದು ತಪ್ಪಲ್ಲ. ಆದರೆ ಲೂಕ 12ರಲ್ಲಿ ಕಣಜ ಕೆಡವಿ ಇನ್ನೂ ದೊಡ್ಡದು ಕಟ್ಟಲು ಹೊರಟವನೂ ಇದ್ದಾನೆ. ಅವನ ಮಾತೆಲ್ಲ ನನ್ನ ಬೆಳೆ, ನನ್ನ ಕಣಜ. ಬೇರೆಯವರ ಸುದ್ದಿಯೇ ಇಲ್ಲ. ಎರಡನ್ನೂ ಜೊತೆಯಲ್ಲಿ ಓದಬೇಕು.

ನಿನಗೆ ಹೇಳದ ವಿಷಯ ಒಂದಿದೆ. ನೀನು ಏಳನೇ ಕ್ಲಾಸಲ್ಲಿದ್ದಾಗ ಅಪ್ಪ ಅಡಿಕೆ ಮಾರಿದ ದುಡ್ಡನ್ನು ಒಂದು ಫೈನಾನ್ಸಿನಲ್ಲಿ ಹಾಕಿದ್ದರು. ಎರಡೇ ವರ್ಷಕ್ಕೆ ಡಬಲ್ ಅಂದಿದ್ದರು. ಒಂದು ದಿನ ಹೋದರೆ ಬಾಗಿಲಿಗೆ ಬೀಗ. ಆ ಮಳೆಗಾಲದಲ್ಲೇ ಅಡಿಕೆಗೆ ಕೊಳೆರೋಗ ಬಂತು. ಮಳೆ ಹೊಳವಾಗಲೇ ಇಲ್ಲ, ಎರಡನೇ ಸಲ ಬೋರ್ಡೋ ಔಷಧಿ ಹೊಡೆಯಲು ಆಗಲೇ ಇಲ್ಲ. ಎಳೆಕಾಯಿ ಮರದ ಬುಡದಲ್ಲಿ ರಾಶಿ ಬಿದ್ದಿತ್ತು. ಆ ವರ್ಷ ನಿನ್ನ ಫೀಸು ಕಟ್ಟಿದ್ದು ಅಡಿಕೆ ಮರಕ್ಕೆ ಹಬ್ಬಿಸಿದ್ದ ಮೆಣಸಿನ ಬಳ್ಳಿ. ಇರುವುದನ್ನು ಏಳೆಂಟು ಪಾಲು ಮಾಡು, ಯಾವ ಆಪತ್ತು ಬರುತ್ತೋ ಗೊತ್ತಿಲ್ಲ ಅನ್ನುವ ಬೈಬಲಿನ ಪ್ರಸಂಗಿ ಪುಸ್ತಕದ ಮಾತು ನನಗೆ ತೋಟದಲ್ಲಿ ನಿಂತೇ ಅರ್ಥವಾಗಿದ್ದು.

ಸಂಬಳ ಬಂದ ದಿನವೇ ದೇವರ ಪಾಲು ಎತ್ತಿಡು. ಕ್ರೆಡಿಟ್ ಕಾರ್ಡಿನ ಸಾಲ ಬೇಡವೇ ಬೇಡ. ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿರಲಿ. ಪಿಪಿಎಫ್ ಅಂತ ಸರ್ಕಾರದ ಉಳಿತಾಯ ಖಾತೆಯಿದೆ, ಅಂಚೆ ಕಚೇರಿಯಲ್ಲೇ ತೆರೆಯಬಹುದು, ವರ್ಷಕ್ಕೆ 500 ರೂಪಾಯಿ ಹಾಕಿದರೂ ನಡೆಯುತ್ತದೆ. ಅದರ ಅವಧಿ 15 ವರ್ಷ ಅಂದರೆ ಹೆದರಬೇಡ. ಅಡಿಕೆ ಸಸಿ ನೆಟ್ಟವರು ಮೊದಲ ಗೊನೆಗೆ ಐದಾರು ವರ್ಷ ಕಾಯ್ತಾರೆ, ಅಲ್ವಾ?

ಸಿಗರೇಟು ಕಂಪನಿಯ ಷೇರು ಇರುವ ಮ್ಯೂಚುವಲ್ ಫಂಡ್ ಬೇಡ ಅಂತ ನೀನು ಅಂದೆ. ಐವತ್ತು ದೊಡ್ಡ ಕಂಪನಿಗಳ ನಿಫ್ಟಿ 50ರ ಫಂಡ್ ತಗೊಂಡರೆ ಸಿಗರೇಟು ಮಾಡುವ ಐಟಿಸಿಯೂ ಅದರೊಳಗೆ ಬರುತ್ತದೆ. ನಿನ್ನ ಮನಸ್ಸಿಗೆ ಅದು ಚುಚ್ಚಿತಲ್ಲ, ನನಗೆ ತುಂಬಾ ಸಂತೋಷವಾಯಿತು. ಆದರೆ ನಮ್ಮ ಅಡಿಕೆ ಎಲ್ಲಿಗೆ ಹೋಗುತ್ತೆ ಮಗಳೇ? ಮಂಡಿ ದಾಟಿದ ಮೇಲೆ ಗುಟ್ಕಾ ಕಾರ್ಖಾನೆಗೂ ಹೋಗುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿದೆ. ನೀನು ಓದಿದ್ದು ಆ ದುಡ್ಡಿನಲ್ಲೇ. ಭಾನುವಾರ ಪೂಜೆಯಲ್ಲಿ ಕೂತಾಗ ಇದು ನನ್ನನ್ನು ಕಾಡುತ್ತದೆ. ತೋಟ ಕಡಿದು ಹಾಕುವ ಶಕ್ತಿ ನಮಗಿಲ್ಲ. ಮೆಣಸು, ಕಾಫಿ ಜಾಸ್ತಿ ಮಾಡುತ್ತಿದ್ದೇವೆ. ಹೊತ್ತು ಮುಳುಗುವ ಮೊದಲೇ ಕೂಲಿ ಕೊಡು ಅಂತ ಧರ್ಮೋಪದೇಶಕಾಂಡದಲ್ಲಿದೆ, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರನಿಗೆ ಒಂದು ದಿನವೂ ನಾಳೆ ಬಾ ಅಂದಿಲ್ಲ. ಇದಿಷ್ಟೇ ನಮ್ಮ ಕೈಲಾಗಿದ್ದು. ನೀನು ಈಗಷ್ಟೇ ಶುರು ಮಾಡುತ್ತಿದ್ದೀಯ, ನಿನಗೆ ಆರಿಸಿಕೊಳ್ಳಲು ಜಾಗವಿದೆ.

ಕ್ರಿಸ್ಮಸ್‌ಗೆ ಬರುವಾಗ ಆ ಫಂಡಿನಲ್ಲಿರುವ ಕಂಪನಿಗಳ ಪಟ್ಟಿ ತಗೊಂಡು ಬಾ. ಕೊಯ್ಲಿನ ಕೆಲಸ ಮುಗಿದ ಮೇಲೆ ರಾತ್ರಿ ಕೂತು, ಒಂದೊಂದೇ ಹೆಸರು ಓದಿ, ಅವರು ಏನು ಮಾಡಿ ಮಾರುತ್ತಾರೆ ಅಂತ ನೋಡೋಣ.

ನಿನ್ನ ಅಮ್ಮ