ಅಂಚು ಜಾಸ್ತಿ ಬಿಟ್ಟು ಬರಿ

ಪ್ರೀತಿಯ ಪುಟ್ಟಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿಮ್ಮಮ್ಮನ ಮಂಡಿನೋವು ಸ್ವಲ್ಪ ಇಳಿದಿದೆ. ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಗಲೇ ಉತ್ತರ ಕೊಡೋಕೆ ಆಗಲಿಲ್ಲ. ಎರಡು ದಿನ ಯೋಚನೆ ಮಾಡಿ ಈಗ ಬರೆಯುತ್ತಿದ್ದೇನೆ.

ಭಯದ ಕಥೆಗಳಿಗೆ ಹೆಸರಾದ ಅಮೆರಿಕದ ಲೇಖಕ ಸ್ಟೀಫನ್ ಕಿಂಗ್ ಅವರ ಬದುಕನ್ನು ಕನ್ನಡದಲ್ಲಿ ಬರೆಯಬೇಕು ಅಂತ ನಿನಗೆ ಆಸೆ. ಅದಕ್ಕೇ ಲೀಸಾ ರೋಗಾಕ್ 2009ರಲ್ಲಿ ಬರೆದ 'ಹಾಂಟೆಡ್ ಹಾರ್ಟ್' ಓದೋಕೆ ಶುರು ಮಾಡಿದೆ. ಅದು ಕಿಂಗ್ ಒಪ್ಪಿಗೆ ಕೊಟ್ಟು ಬರೆಸಿದ್ದಲ್ಲ ಅಂತ ಗೊತ್ತಾದ ಕೂಡಲೇ ಅರ್ಧಕ್ಕೇ ಮುಚ್ಚಿಟ್ಟೆ. 'ಕೇಳದೆ ಒಬ್ಬರ ಮನೆ ಒಳಗೆ ಹೋದ ಹಾಗಾಯ್ತು ದೊಡ್ಡಮ್ಮ' ಅಂದೆ. ನಿನ್ನ ಮನಸ್ಸು ನನಗೆ ಹಿಡಿಸಿತು. ಆದರೆ ಪುಸ್ತಕ ಮುಚ್ಚಿಡಬೇಡ, ಪೂರ್ತಿ ಓದು. ಯಾಕೆ ಅಂತ ನಿನ್ನ ತಾತನ ವಿಷಯದಿಂದಲೇ ಹೇಳುತ್ತೇನೆ.

ಅಪ್ಪ ತೀರಿಕೊಂಡ ವರ್ಷ ಅವರ ನೆನಪಿಗೆ ಒಂದು ಸಣ್ಣ ಸಂಚಿಕೆ ತಂದರು. ಅದರಲ್ಲಿ ಒಬ್ಬರು, ತಮ್ಮನ ಸಾವಿನ ದುಃಖಕ್ಕೆ ಅಪ್ಪ ಕೊಳಲು ನುಡಿಸುವುದನ್ನೇ ಬಿಟ್ಟರು ಅಂತ ಬರೆದಿದ್ದರು. ಓದಿ ಎಲ್ಲರೂ ಅತ್ತರು. ನಿಜಕ್ಕೂ ಆಗಿದ್ದೇನು ಗೊತ್ತಾ? ಅಪ್ಪನ ಎಡಗೈ ಉಂಗುರದ ಬೆರಳು ಸೈಕಲ್ ಚೈನಿಗೆ ಸಿಕ್ಕಿ, ಆಮೇಲೆ ಮಡಚಲೇ ಇಲ್ಲ. ಆ ಬೆರಳಿಗೆ ಅರಿಸಿನ ಹಚ್ಚಿ ಬಟ್ಟೆ ಸುತ್ತಿದವಳು ನಾನು. ಬರೆದವರು ಸುಳ್ಳುಗಾರರಲ್ಲ. ನಮ್ಮ ಮನೆ ಬಾಗಿಲಿಗೆ ಬಂದು ಒಂದು ಮಾತು ಕೇಳಲಿಲ್ಲ, ಅಷ್ಟೇ.

ಬಂದು ಕೇಳಿದ್ದರೆ? ಬೆರಳಿನ ವಿಷಯ ಖಂಡಿತ ಹೇಳುತ್ತಿದ್ದೆವು. ಅಪ್ಪ ಮಾಡಿದ್ದ ಸಾಲದ ವಿಷಯ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ನಿಮ್ಮಮ್ಮ, ನಾನು ಇಬ್ಬರೂ ಸೇರಿ ಮುಚ್ಚಿಡುತ್ತಿದ್ದೆವು. ಹೊರಗಿನವರಿಗೆ ಬೆರಳು ಕಾಣಲಿಲ್ಲ, ಒಳಗಿನವರು ಸಾಲ ತೋರಿಸಲ್ಲ. ಹೀಗಿರುವಾಗ ಮನೆಯವರ ಒಪ್ಪಿಗೆ ಇದೆ ಅಂದ ಮಾತ್ರಕ್ಕೆ ಪುಸ್ತಕ ನಿಜವಾಗಲ್ಲ, ಒಪ್ಪಿಗೆ ಇಲ್ಲ ಅಂದ ಮಾತ್ರಕ್ಕೆ ಕಳ್ಳತನವೂ ಆಗಲ್ಲ. ಪ್ರತಿ ಪುಟದಲ್ಲೂ ನೀನು ಕೇಳಬೇಕಾದ್ದು ಒಂದೇ: ಇದನ್ನು ಯಾರು ಹೇಳಿದ್ದು?

ಕಿಂಗ್ ಬಗ್ಗೆ ಬರೆಯುವವರೆಲ್ಲ ಎತ್ತಿಕೊಳ್ಳುವ ರೈಲಿನ ಕಥೆ ನಿನಗೆ ಗೊತ್ತಲ್ಲ. ನಾಲ್ಕು ವರ್ಷದ ಹುಡುಗ ಪಕ್ಕದ ಮನೆಗೆ ಆಡೋಕೆ ಹೋದ. ಆ ಮನೆ ರೈಲು ಹಳಿಯ ಹತ್ತಿರ. ಸ್ವಲ್ಪ ಹೊತ್ತಿಗೆ ಒಬ್ಬನೇ ವಾಪಸ್ ಬಂದ. ಮುಖ ಬಿಳುಚಿಕೊಂಡಿತ್ತು, ಬಾಯಲ್ಲಿ ಮಾತಿಲ್ಲ. ಜೊತೆಗೆ ಆಡುತ್ತಿದ್ದ ಹುಡುಗನ ಮೇಲೆ ಗೂಡ್ಸ್ ರೈಲು ಹರಿದಿತ್ತು ಅಂತ ಆಮೇಲೆ ತಿಳಿಯಿತು. ಎಂಥವರಿಗೂ ಅನ್ನಿಸುತ್ತೆ, ಓಹೋ, ಭಯದ ಕಥೆ ಎಲ್ಲಾ ಇಲ್ಲಿಂದಲೇ ಬಂತು ಅಂತ. ಈಗ ಕೇಳು, ಯಾರು ಹೇಳಿದ್ದು? ಕಿಂಗ್ ಅವರಿಗೇ ಅದರ ನೆನಪಿಲ್ಲ. ವರ್ಷಗಳಾದ ಮೇಲೆ ಅವರಮ್ಮ ಹೇಳಿದ್ದು. 1981ರ 'ಡಾನ್ಸ್ ಮಕಾಬ್ರ್' ಪುಸ್ತಕದಲ್ಲಿ ಕಿಂಗ್ ಅವರೇ ಇದನ್ನು ಬರೆದಿದ್ದಾರೆ. ಚಿಕ್ಕಂದಿನ ಒಂದು ಪೆಟ್ಟಿನಿಂದ ಲೇಖಕ ಹುಟ್ಟುತ್ತಾನೆ ಅನ್ನುವುದನ್ನು ಒಪ್ಪುವುದಿಲ್ಲ ಅಂತಲೂ ಅಲ್ಲೇ ಹೇಳಿದ್ದಾರೆ.

ಅವರು ತೋರಿಸುವುದು ಬೇರೆಯದನ್ನು. ಅದು ಅವರಮ್ಮನ ಸೋದರಿಯ ಮನೆಯ ಅಟ್ಟದಲ್ಲಿದ್ದ ಒಂದು ಪೆಟ್ಟಿಗೆ. ಸಿಗರೇಟ್ ತರುತ್ತೇನೆ ಅಂತ ಹೋದ ಕಿಂಗ್ ಅವರ ಅಪ್ಪ ತಿರುಗಿ ಬರಲಿಲ್ಲ. ಆಗ ಮಗುವಿಗೆ ಎರಡು ವರ್ಷ. ಆ ಅಪ್ಪನ ಸಾಮಾನು ಅಟ್ಟದಲ್ಲಿ ಉಳಿದಿತ್ತು. ಅದರಲ್ಲಿ ಹುಡುಗನಿಗೆ ಲವ್‌ಕ್ರಾಫ್ಟ್ ಅನ್ನೋ ಹಳೆಯ ಲೇಖಕನ ಭಯದ ಕಥೆಗಳ ಅಗ್ಗದ ಪುಸ್ತಕ ಸಿಕ್ಕಿತು. ಅಪ್ಪನೂ ಪತ್ರಿಕೆಗಳಿಗೆ ಕಥೆ ಕಳಿಸಿ ವಾಪಸ್ ಬರಿಸಿಕೊಂಡವನೇ. ನಾನು ಲೈಬ್ರರಿಯಲ್ಲಿ ಮೂವತ್ತೊಂದು ವರ್ಷ ಕೂತವಳು. ನನಗೆ ರೈಲಿಗಿಂತ ಈ ಪೆಟ್ಟಿಗೆಯೇ ದೊಡ್ಡದು.

ಕೆಲಸವನ್ನೂ ಮರೀಬೇಡ. ಹರ್ಮನ್ ಅನ್ನೋ ಊರಲ್ಲಿ ಟ್ರೇಲರ್ ಮನೆ, ಅಂದರೆ ಎಳೆದುಕೊಂಡು ಹೋಗಬಹುದಾದಂಥ ಮನೆ. ಬಟ್ಟೆ ಒಗೆಯುವ ಪುಟ್ಟ ಕೋಣೆಯಲ್ಲಿ, ಮಕ್ಕಳ ಡೆಸ್ಕನ್ನು ತೊಡೆ ಮೇಲಿಟ್ಟುಕೊಂಡು, ಹೆಂಡತಿಯ ಟೈಪ್‌ರೈಟರಿನಲ್ಲಿ ಬರೆದರು. ಹಗಲು ಸ್ಕೂಲಿನಲ್ಲಿ ಪಾಠ. ಅವರದು ಅಂತ ಮೊದಲು ಅಚ್ಚಾದ ಕಾದಂಬರಿ 'ಕ್ಯಾರಿ'ಯ ಮೊದಲ ಹಾಳೆಗಳನ್ನು ಕಸದ ಬುಟ್ಟಿಗೆ ಎಸೆದಿದ್ದರು. ಹೆಂಡತಿ ಟ್ಯಾಬಿತಾ ಎತ್ತಿಕೊಂಡು, ಸಿಗರೇಟ್ ಬೂದಿ ಒರೆಸಿ, ಓದಿದರು. ಪುಸ್ತಕ ಒಪ್ಪಿಕೊಂಡ ಸುದ್ದಿ ಟೆಲಿಗ್ರಾಂನಲ್ಲಿ ಬಂತು, ಯಾಕಂದರೆ ಮನೆಯಲ್ಲಿದ್ದ ಫೋನನ್ನು ಆಗಲೇ ತೆಗೆಸಿದ್ದರು. ಮುಂಗಡ 2,500 ಡಾಲರ್. ಆಮೇಲೆ ಪೇಪರ್‌ಬ್ಯಾಕ್ ಹಕ್ಕು 4,00,000ಕ್ಕೆ ಹೋಗಿ ಅರ್ಧ ಇವರಿಗೆ ಬಂತು. ಆ ದಿನ ಹೆಂಡತಿಗೆ ಏನಾದರೂ ತರಬೇಕು ಅಂತ ಹೊರಟರೆ ತೆರೆದಿದ್ದು ಒಂದು ಔಷಧಿ ಅಂಗಡಿ. ಒಂದು ಹೇರ್ ಡ್ರೈಯರ್ ತಂದರು! ಇದನ್ನೆಲ್ಲ ಅವರೇ 2000ದ 'ಆನ್ ರೈಟಿಂಗ್' ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಇದರಿಂದ ತೆಗೆದುಕೊಂಡದ್ದನ್ನು ಹೀಗೆ ಕಿಂಗ್ ಹೇಳುತ್ತಾರೆ ಅಂತಲೇ ಬರಿ. ನೀನು ಕಿಟಕಿಯಲ್ಲಿ ನಿಂತು ನೋಡಿದ ಹಾಗೆ ಬರೀಬೇಡ.

ಕುಡಿತ, ಕೊಕೇನ್ ಅಧ್ಯಾಯ ಓದಿ ನಿನಗೆ ಕಸಿವಿಸಿ ಆಯ್ತು ಅಂದೆಯಲ್ಲ. ಟ್ಯಾಬಿತಾ ಮನೆಯವರನ್ನು, ಸ್ನೇಹಿತರನ್ನು ಸೇರಿಸಿ, ಕಸದ ಚೀಲವನ್ನು ಕಾರ್ಪೆಟ್ ಮೇಲೆ ಸುರಿದು ತೋರಿಸಿದ್ದನ್ನು ಕಿಂಗ್ ತಾವಾಗಿಯೇ ಬರೆದಿದ್ದಾರೆ. ಅವರು ಮುಚ್ಚಿಡದ್ದನ್ನು ನೀನು ಮುಚ್ಚಬೇಡ. ಅದಕ್ಕೆ ಬಣ್ಣವನ್ನೂ ಹಚ್ಚಬೇಡ.

ಕಾನೂನಿನ ವಿಷಯ ಚಿಕ್ಕದಾಗಿ. ಅಮೆರಿಕದ ಕಾದಂಬರಿಕಾರ ಸ್ಯಾಲಿಂಜರ್ ಅವರ ಜೀವನಚರಿತ್ರೆ ಬರೆಯುವಾಗ ಇಯಾನ್ ಹ್ಯಾಮಿಲ್ಟನ್ ಅನ್ನುವವರು, ಲೈಬ್ರರಿಗಳಲ್ಲಿದ್ದ ಸ್ಯಾಲಿಂಜರ್ ಬರೆದ ಕಾಗದಗಳನ್ನು ಬಳಸಿದ್ದರು. 1987ರಲ್ಲಿ ಅಮೆರಿಕದ ಕೋರ್ಟು ಅದನ್ನು ತಡೆಯಿತು. ಕಾಗದ ಲೈಬ್ರರಿಯದೇ ಇರಬಹುದು, ಆದರೆ ಅದರೊಳಗಿನ ಮಾತು ಬರೆದವರದು. ನಮ್ಮಲ್ಲಿ, ಆಟೋ ಶಂಕರ್ ಅನ್ನೋ ಕೊಲೆ ಅಪರಾಧಿಯ ಜೀವನಕಥೆ ಅಚ್ಚು ಹಾಕುವ ಬಗ್ಗೆ ನಡೆದ 1994ರ ಕೇಸಿನಲ್ಲಿ ಸುಪ್ರೀಂ ಕೋರ್ಟು, ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಕೇಳದೆ ಬರೆಯಬಹುದು, ಅದನ್ನು ದಾಟಿ ಒಬ್ಬರ ಸಂಸಾರಕ್ಕೆ ಕೈ ಹಾಕಿದರೆ ತಪ್ಪಾದೀತು ಅಂದಿತು. ನಿನ್ನ ಪುಸ್ತಕ ಇಲ್ಲಿ ಅಚ್ಚಾಗುವುದಾದರೆ ಇದು ನೆನಪಿರಲಿ.

ನನಗೆ ತುಂಬಾ ಇಷ್ಟವಾದ ಸಂಗತಿ ಇನ್ನೊಂದಿದೆ. ಕಿಂಗ್ ರಿಚರ್ಡ್ ಬಾಕ್ಮನ್ ಅನ್ನೋ ಹೆಸರಲ್ಲಿ ಗುಟ್ಟಾಗಿ ಕಾದಂಬರಿ ಬರೆಯುತ್ತಿದ್ದರು. ವಾಷಿಂಗ್ಟನ್ನಿನ ಒಂದು ಪುಸ್ತಕದಂಗಡಿಯ ನೌಕರನಿಗೆ ಶೈಲಿ ನೋಡಿ ಅನುಮಾನ ಬಂತು. ಅವನು ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಹೋಗಿ ಕಾಪಿರೈಟ್ ಕಾಗದಗಳನ್ನು ತೆಗೆಸಿದ. ಒಂದರಲ್ಲಿ ಕಿಂಗ್ ಹೆಸರೇ ಇತ್ತು. ಬಯಲು ಮಾಡುವ ಮುಂಚೆ ಅವರ ಕಡೆಯವರಿಗೆ ಬರೆದು ಕೇಳಿದ. ಕಿಂಗ್ ತಾವೇ ಅಂಗಡಿಗೆ ಫೋನ್ ಮಾಡಿ ಮಾತಾಡಿದರು. 1985ರಲ್ಲಿ ಗುಟ್ಟು ಹೊರಬಿತ್ತು. ಹುಡುಕುವುದಕ್ಕೆ ಅವನು ಯಾರ ಅನುಮತಿಯನ್ನೂ ಕಾಯಲಿಲ್ಲ, ಆದರೆ ದಾಖಲೆ ಕೈಯಲ್ಲಿತ್ತು, ಬೆನ್ನ ಹಿಂದೆ ಏನೂ ಮಾಡಲಿಲ್ಲ. ನೀನೂ ಹಾಗೇ ಮಾಡು. ಅವರ ಆಫೀಸಿಗೆ ಒಂದು ಕಾಗದ ಬರಿ. ಉತ್ತರ ಬಾರದಿದ್ದರೂ ನೀನು ಬರೆದಿರಬೇಕು.

ರಜೆಯಲ್ಲಿ, ಕಿಂಗ್ ಬಹಳ ವರ್ಷ ಇದ್ದ ಬ್ಯಾಂಗರ್ ಊರಿಗೆ ಹೋಗುತ್ತೇನೆ ಅಂದೆ. ಆ ಕೆಂಪು ಮನೆ, ಬಾವಲಿ ಇರುವ ಕಬ್ಬಿಣದ ಗೇಟು, ಎಲ್ಲ ಬೀದಿಯಿಂದಲೇ ನೋಡು. ಗಂಟೆ ಒತ್ತಬೇಡ. ಮಿಕ್ಕ ಹೊತ್ತು ಊರಿನ ಲೈಬ್ರರಿಯಲ್ಲಿ ಕೂತು 1970ರ ಸುಮಾರಿನ ಪೇಪರ್ ತಿರುವಿ ಹಾಕು. ಅಲ್ಲಿ ಕೂತಿರುವವರನ್ನು ಸಂಕೋಚ ಬಿಟ್ಟು ಕೇಳು. ಕೇಳುವವರು ಬಂದರೆ ನಮ್ಮಂಥವರಿಗೆ ಎಷ್ಟು ಖುಷಿ ಅಂತ ನಿನಗೆ ಗೊತ್ತಿಲ್ಲ.

ಮೊದಲ ಅಧ್ಯಾಯ ಮುಗಿದ ಕೂಡಲೇ ಪ್ರಿಂಟ್ ತೆಗೆದು ಪೋಸ್ಟಿನಲ್ಲಿ ಕಳಿಸು. ಫೋನಿನಲ್ಲಿ ಓದೋಕೆ ನನ್ನ ಕಣ್ಣು ಬಿಡಲ್ಲ. ಅಂಚು ಜಾಸ್ತಿ ಬಿಡು. 'ಯಾರು ಹೇಳಿದ್ದು?' ಅಂತ ಪೆನ್ಸಿಲ್‌ನಲ್ಲಿ ಬರೆಯೋಕೆ ನನಗೆ ಜಾಗ ಬೇಕು.

ಇಂತಿ,
ನಿನ್ನ ದೊಡ್ಡಮ್ಮ
ಮೈಸೂರು