ಹೆಡ್‌ಲೈಟ್ ಬಲ್ಬು: ವ್ಯಾಟ್ ನೋಡಿ ಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ರಾತ್ರಿ ಎದುರಿನಿಂದ ಬರುವ ಕಾರುಗಳ ಬೆಳಕು ಕಣ್ಣು ಕುಕ್ಕುತ್ತದೆ ಎಂಬ ದೂರು ಓದುಗರ ಪತ್ರಗಳಲ್ಲಿ ಆಗಾಗ ಕಾಣಿಸುತ್ತದೆ. ಬೈಗುಳವೆಲ್ಲ ಹೈ ಬೀಮ್ ಹಾಕಿಕೊಂಡು ಬರುವವರ ಪಾಲಿಗೆ. ಆದರೆ ಡಿಪ್ ಮಾಡಿದ ಮೇಲೂ ಕಣ್ಣಿಗೆ ಚುಚ್ಚುವ ಕಾರುಗಳು ಕಡಿಮೆಯೇನಿಲ್ಲ. ಅಂಥ ಕಾರುಗಳಲ್ಲಿ ಬಹಳಷ್ಟು ಸಲ ತಪ್ಪು ಆಗಿರುವುದು ಬಲ್ಬು ಬದಲಿಸಿದಾಗ.

ಹೆಡ್‌ಲೈಟಿನ ರಿಫ್ಲೆಕ್ಟರನ್ನು (ಬಲ್ಬಿನ ಹಿಂದಿನ ಹೊಳೆಯುವ ಬೋಗುಣಿ) ರೂಪಿಸುವುದು ಬಲ್ಬಿನೊಳಗಿನ ತಂತು (ಉರಿಯುವ ಫಿಲಮೆಂಟ್) ಯಾವ ಜಾಗದಲ್ಲಿ, ಎಷ್ಟು ಉದ್ದ ಇರುತ್ತದೆ ಎಂದು ಲೆಕ್ಕ ಹಾಕಿ. ತಂತು ಒಂದು ಮಿಲಿಮೀಟರ್ ಆಚೀಚೆಯಾದರೂ ಬೆಳಕು ಬೀಳುವ ಜಾಗ ಬದಲಾಗುತ್ತದೆ. ಎಚ್4 ಎಂಬ ಬಗೆಯ ಬಲ್ಬನ್ನೇ ನೋಡಿ. ಅದರಲ್ಲಿ ಎರಡು ತಂತುಗಳಿವೆ, ಹೈ ಬೀಮಿಗೆ 60 ವ್ಯಾಟ್, ಡಿಪ್ಪಿಗೆ 55. ಡಿಪ್ ತಂತಿನ ಕೆಳಗೆ ಪುಟ್ಟದೊಂದು ಲೋಹದ ಬಟ್ಟಲಿದೆ. ರಿಫ್ಲೆಕ್ಟರಿನ ಕೆಳಭಾಗಕ್ಕೆ ಹೋದ ಬೆಳಕು ಮೇಲಕ್ಕೆ ಚಿಮ್ಮಿ ಎದುರಿನವರ ಕಣ್ಣಿಗೆ ಬೀಳುತ್ತದೆ. ಅದನ್ನು ತಡೆಯುವುದೇ ಆ ಬಟ್ಟಲಿನ ಕೆಲಸ. ಹಾಗಾಗಿ ಬಲ್ಬು ಕೊಳ್ಳುವಾಗ ಮೊದಲು ನೋಡಬೇಕಾದದ್ದು ಹಳೆಯ ಬಲ್ಬಿನ ಬುಡದಲ್ಲೋ ಮಾಲೀಕರ ಕೈಪಿಡಿಯಲ್ಲೋ ಇರುವ ಸಂಖ್ಯೆ: ಎಚ್4, ಎಚ್7, ಎಚ್11, ಎಚ್‌ಬಿ3 ಇತ್ಯಾದಿ. ಬೇರೆಯವರು ಈಗಾಗಲೇ ಬಲ್ಬು ಬದಲಿಸಿದ್ದರೆ ಹಳೆಯದನ್ನು ನಂಬಬೇಡಿ, ಕೈಪಿಡಿಯನ್ನೇ ನೋಡಿ.

ಬೆಳಕು ಮಂಕಾಗಿದೆ ಎಂದ ಕೂಡಲೇ ಬಲ್ಬಿನ ಅಂಗಡಿಗೆ ಓಡುವ ಮುನ್ನ ಎರಡು ಪರೀಕ್ಷೆ ಮಾಡಿ. ಒಂದು, ಹೊರಗಿನ ಪ್ಲಾಸ್ಟಿಕ್ ಲೆನ್ಸ್ ಹಳದಿಗಟ್ಟಿ ಮಸುಕಾಗಿದೆಯೇ? ಆಗಿದ್ದರೆ ಎಂಥ ಬಲ್ಬು ಹಾಕಿದರೂ ಬೆಳಕು ಅಲ್ಲೇ ಚದುರುತ್ತದೆ, ಎದುರಿನವರಿಗೆ ತೊಂದರೆಯೂ ಹೆಚ್ಚುತ್ತದೆ. ಎರಡನೆಯದು ವೋಲ್ಟೇಜ್. ಇಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಹಾಕಿ, ಮಲ್ಟಿಮೀಟರಿನಲ್ಲಿ ಮೊದಲು ಬ್ಯಾಟರಿಯಲ್ಲಿ, ಆಮೇಲೆ ಬಲ್ಬಿನ ಕನೆಕ್ಟರಿನ ಹಿಂಬದಿಯಿಂದ ಅಳೆಯಿರಿ. ಬಲ್ಬು ಉರಿಯುತ್ತಿರುವಾಗಲೇ ಅಳೆಯಬೇಕು. ಬಿಚ್ಚಿಟ್ಟ ಕನೆಕ್ಟರಿನಲ್ಲಿ ಕರೆಂಟ್ ಹರಿಯುವುದಿಲ್ಲವಾದ್ದರಿಂದ ಎಷ್ಟೇ ಕೆಟ್ಟ ವೈರಿಂಗ್ ಆದರೂ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸಿ ದಾರಿ ತಪ್ಪಿಸುತ್ತದೆ. ಎರಡು ಅಳತೆಗಳ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ತುಕ್ಕು ಹಿಡಿದ ಅರ್ತ್, ಸುಟ್ಟ ಪಿನ್, ಸವೆದ ಸ್ವಿಚ್, ಇವುಗಳಲ್ಲಿ ಯಾವುದೋ ಒಂದು ಕಾರಣ. ಹ್ಯಾಲೊಜೆನ್ ಬಲ್ಬಿನ (ಇಲ್ಲಿಯವರೆಗೆ ಹೇಳಿದ ತಂತಿನ ಬಲ್ಬುಗಳೆಲ್ಲ ಈ ಬಗೆಯವು) ಬೆಳಕು ವೋಲ್ಟೇಜಿಗೆ ಸರಿಸಮನಾಗಿ ಇಳಿಯುವುದಿಲ್ಲ, ಅದಕ್ಕಿಂತ ಬಲು ಬೇಗ ಕುಸಿಯುತ್ತದೆ. 13.2 ವೋಲ್ಟಿನಲ್ಲಿ 1500 ಲ್ಯೂಮೆನ್ (ಬೆಳಕಿನ ಅಳತೆ) ಕೊಡುವ ಎಚ್7 ಬಲ್ಬು 12 ವೋಲ್ಟಿನಲ್ಲಿ ಕೊಡುವುದು ಸುಮಾರು 1100 ಮಾತ್ರ. ಅರ್ತ್ ಬಿಂದುವನ್ನು ಉಜ್ಜಿ ಬಿಗಿ ಮಾಡಿದರೆ ಸಿಗುವ ಲಾಭ ಎಷ್ಟೋ ದುಬಾರಿ ಬಲ್ಬುಗಳಿಂದ ಸಿಗುವುದಿಲ್ಲ.

ಹೈ ಬೀಮಿಗೆ 100, ಡಿಪ್ಪಿಗೆ 90 ವ್ಯಾಟಿನ ಎಚ್4 ಬಲ್ಬಿನ ಆಕರ್ಷಣೆ ಇನ್ನೂ ಹೋಗಿಲ್ಲ. 60 ವ್ಯಾಟಿನ ತಂತು 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆದರೆ 100 ವ್ಯಾಟಿನದು ಎಂಟಕ್ಕೂ ಹೆಚ್ಚು ಎಳೆಯುತ್ತದೆ. ಮೊದಲು ಹೋಲ್ಡರ್ ಕಂದುಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕರಗುತ್ತದೆ. ರಿಲೇ ಇರುವ ದಪ್ಪ ವೈರಿಂಗ್ ಹಾಕಿಸಿದರೆ ವೈರು ಉಳಿಯಬಹುದು, ಆದರೆ ರಿಫ್ಲೆಕ್ಟರಿನ ಬೆಳ್ಳಿಬಣ್ಣ ಶಾಖಕ್ಕೆ ಸುಟ್ಟು ಹೋಗುವುದು ತಪ್ಪುವುದಿಲ್ಲ. ನೀಲಿ ಲೇಪದ ‘ಬಿಳಿ ಬೆಳಕಿನ’ ಬಲ್ಬುಗಳ ವಿಷಯ ಚುಟುಕಾಗಿ ಮುಗಿಯುತ್ತದೆ: ಆ ಲೇಪ ಒಂದಿಷ್ಟು ಬೆಳಕನ್ನು ನುಂಗುತ್ತದೆ, ಬೇರೇನನ್ನೂ ಕೊಡುವುದಿಲ್ಲ. ‘ಶೇ 100ರಷ್ಟು ಹೆಚ್ಚು’ ಎಂದು ಬರೆದ ಒಳ್ಳೆಯ ಕಂಪನಿಯ ಬಲ್ಬುಗಳಲ್ಲಿ ಸ್ವಲ್ಪ ಹುರುಳಿದೆ. ಆದರೆ ಆ ಹೆಚ್ಚಳ ರಸ್ತೆಯ ಮೇಲಿನ ಕೆಲವು ಬಿಂದುಗಳಿಗೆ ಸಂಬಂಧಿಸಿದ್ದು, ಒಟ್ಟು ಬೆಳಕಿಗಲ್ಲ. ತಂತನ್ನು ಹೆಚ್ಚು ಕಾಯಿಸುವುದರಿಂದ ಅವುಗಳ ಆಯುಷ್ಯವೂ ಕಡಿಮೆ.

ಈಗ ಎಲ್ಲರೂ ಕೇಳುವುದು ಎಲ್‌ಇಡಿ. ಹ್ಯಾಲೊಜೆನ್ ತಂತು ಸುತ್ತಲೂ ಬೆಳಕು ಬೀರುವ ತೆಳುವಾದ ಸುರುಳಿ; ಎಲ್‌ಇಡಿ ಬಲ್ಬಿನಲ್ಲಿ ಒಂದು ಪಟ್ಟಿಯ ಎರಡು ಬದಿಗೆ ಚಿಪ್‌ಗಳಿರುತ್ತವೆ. ಆ ಪಟ್ಟಿ ದಪ್ಪವಾದಷ್ಟೂ ಬೆಳಕಿನ ಮೂಲ ರಿಫ್ಲೆಕ್ಟರಿನ ನಾಭಿಯಿಂದ (ಬೆಳಕಿನ ಮೂಲ ಇರಬೇಕಾದ ಬಿಂದು) ದೂರ ಸರಿಯುತ್ತದೆ. ಫಲವಾಗಿ ಕಾರಿನ ಮುಂದಿನ ಹತ್ತು-ಹದಿನೈದು ಮೀಟರ್ ಝಗಮಗಿಸುತ್ತದೆ, ದೂರದ ರಸ್ತೆ ಕತ್ತಲಲ್ಲೇ ಉಳಿಯುತ್ತದೆ. ಹತ್ತಿರದ ಪ್ರಖರತೆಗೆ ಪಾಪೆ ಕುಗ್ಗುವುದರಿಂದ ದೂರದ್ದು ಇನ್ನೂ ಕಾಣದು, ಆದರೂ ಚಾಲಕನಿಗೆ ‘ಬೆಳಕು ಜೋರಾಗಿದೆ’ ಎಂಬ ಸಮಾಧಾನ. ಡಬ್ಬದ ಮೇಲಿನ ಸಾವಿರಾರು ಲ್ಯೂಮೆನ್ ಲೆಕ್ಕಕ್ಕೆ ಬೆಲೆ ಕೊಡಬೇಡಿ. ಚಿಪ್ ಬಿಸಿಯಾದಂತೆ ಬೆಳಕು ಇಳಿಯುತ್ತದೆ. ಹಿಂದಿನ ರಬ್ಬರ್ ಮುಚ್ಚಳದೊಳಗೆ ಫ್ಯಾನಿಗೆ ಗಾಳಿಯೂ ಸಿಗದು. ಮುಂದೆ ಗುಂಡು ಮಸೂರವಿರುವ ಪ್ರೊಜೆಕ್ಟರ್ ಹೆಡ್‌ಲೈಟಿನಲ್ಲಿ ಒಳಗೇ ತಡೆಪಟ್ಟಿ ಇರುವುದರಿಂದ ಕಣ್ಣು ಕುಕ್ಕುವುದು ಕಡಿಮೆ, ಆದರೆ ದೂರದ ಬೆಳಕಿನ ತೊಂದರೆ ಅಲ್ಲೂ ಉಂಟು. ಜರ್ಮನಿಯಲ್ಲಿ 2020ರಿಂದ ಹ್ಯಾಲೊಜೆನ್ ಬದಲಿಗೆ ಹಾಕುವ ಕೆಲವು ಎಲ್‌ಇಡಿ ಬಲ್ಬುಗಳಿಗೆ ಅನುಮತಿ ಸಿಕ್ಕಿದೆ. ಅದು ಎಲ್ಲ ಕಾರುಗಳಿಗೂ ಅನ್ವಯಿಸುವುದಿಲ್ಲ, ಪರೀಕ್ಷಿಸಿದ ನಿರ್ದಿಷ್ಟ ಲ್ಯಾಂಪುಗಳ ಪಟ್ಟಿಗೆ ಮಾತ್ರ. ವಿಷಯ ಎಷ್ಟು ಸೂಕ್ಷ್ಮವೆಂದು ಇದರಿಂದಲೇ ತಿಳಿಯಬಹುದು.

ಬಲ್ಬು ಕೂರಿಸುವುದೂ ಒಂದು ಕೆಲಸವೇ. ಹಳೆಯದು ತಣ್ಣಗಾಗುವವರೆಗೆ ಕಾಯಿರಿ. ಒಳಗೆ ಒತ್ತಡದ ಅನಿಲವಿದೆ, ಒಡೆದರೆ ಚೂರು ಸಿಡಿಯುತ್ತದೆ, ಕನ್ನಡಕ ಹಾಕಿಕೊಳ್ಳುವುದು ಒಳ್ಳೆಯದು. ಹೊಸ ಬಲ್ಬಿನ ಗಾಜನ್ನು ಬೆರಳಿನಿಂದ ಮುಟ್ಟಬೇಡಿ. ಬೆರಳ ಜಿಡ್ಡು ಕೂತ ಕಡೆ ಗಾಜು ಹೆಚ್ಚು ಕಾದು ಬಲ್ಬು ಬೇಗ ಹೋಗುತ್ತದೆ. ಮುಟ್ಟಿಬಿಟ್ಟರೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಎಚ್4ರ ಮೂರು ಕಿವಿಗಳಲ್ಲಿ ಅಗಲವಾದದ್ದು ಮೇಲಕ್ಕೆ ಬರಬೇಕು. ಸ್ಪ್ರಿಂಗ್ ಕ್ಲಿಪ್ ಸುಲಭವಾಗಿ ಮುಚ್ಚದಿದ್ದರೆ ಬಲ್ಬು ಓರೆಯಾಗಿದೆ ಎಂದರ್ಥ, ಒತ್ತಾಯ ಬೇಡ. ಧೂಳುಮುಚ್ಚಳ ಸಡಿಲವಾಗಿ ಬಿಟ್ಟರೆ ಮಳೆಗಾಲದಲ್ಲಿ ಒಳಗೆ ನೀರಾವಿ ಕೂತು ರಿಫ್ಲೆಕ್ಟರ್ ಹಾಳಾಗುತ್ತದೆ. ಎರಡೂ ಕಡೆಯ ಬಲ್ಬನ್ನು ಒಟ್ಟಿಗೇ ಬದಲಿಸಿ.

ನಂತರ ಗುರಿ ಪರೀಕ್ಷಿಸಬೇಕು. ಇದನ್ನು ಮಾಡುವವರೇ ವಿರಳ. ಟೈರಿನ ಗಾಳಿ ಸರಿಯಿರಲಿ, ಚಾಲಕನ ಸೀಟಿನಲ್ಲಿ ಒಬ್ಬರಿರಲಿ, ಬೆಳಕಿನ ಎತ್ತರ ಹೊಂದಿಸುವ ಲೆವೆಲ್ ಗುಂಡಿ ಸೊನ್ನೆಯಲ್ಲಿರಲಿ. ಸಮನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರದಲ್ಲಿ ಕಾರು ನಿಲ್ಲಿಸಿ, ಲ್ಯಾಂಪಿನ ನಡುಮಧ್ಯದ ಎತ್ತರವನ್ನು ಗೋಡೆಯ ಮೇಲೆ ಗುರುತಿಸಿ. ಲ್ಯಾಂಪಿನ ಮೇಲಿನ ಚೀಟಿಯಲ್ಲಿ ಶೇ 1 (ದೂರದ ನೂರರಲ್ಲೊಂದು ಭಾಗ ಇಳಿಜಾರು) ಎಂದಿದ್ದರೆ ಡಿಪ್ ಬೆಳಕಿನ ಮೇಲ್ಗೆರೆ ಆ ಗುರುತಿಗಿಂತ 10 ಸೆಂಟಿಮೀಟರ್ ಕೆಳಗಿರಬೇಕು. ಗೆರೆಯೇ ಕಾಣದೆ ಬೆಳಕು ಮೇಲೆಲ್ಲ ಹರಡಿದ್ದರೆ ಗುರಿ ಹೊಂದಿಸುವ ಸ್ಕ್ರೂ ತಿರುಗಿಸಿ ಪ್ರಯೋಜನವಿಲ್ಲ, ಬಲ್ಬೇ ಸರಿಯಿಲ್ಲ ಅಥವಾ ಓರೆಯಾಗಿ ಕೂತಿದೆ.

ಫಾಗ್ ಲೈಟಿನಲ್ಲಿ ಗೊಂದಲ ಬೇರೆಯದು. ಎಚ್8, ಎಚ್11, ಎಚ್16 ಮೂರರ ಬುಡವೂ ನೋಡಲು ಒಂದೇ ಥರ. ಆದರೆ ಕ್ರಮವಾಗಿ 35, 55, 19 ವ್ಯಾಟಿನವು. ಅದಲುಬದಲಾಗದಿರಲೆಂದೇ ಒಳಗಿನ ಕಚ್ಚುಗಳನ್ನು ಬೇರೆಬೇರೆ ಮಾಡಿದ್ದಾರೆ, ಅವನ್ನು ಉಜ್ಜಿ ತೂರಿಸುವ ‘ಜಾಣರೂ’ ಇದ್ದಾರೆ. 19 ವ್ಯಾಟಿಗೆಂದು ಮಾಡಿದ ಪ್ಲಾಸ್ಟಿಕ್ ಕೋಶದಲ್ಲಿ 55 ವ್ಯಾಟ್ ಉರಿಸಿದರೆ ಲೆನ್ಸ್ ಸೊಟ್ಟಗಾಗುತ್ತದೆ. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂಬ ನಂಬಿಕೆಯೂ ಸರಿಯಲ್ಲ: ಮಂಜಿನ ಹನಿಗಳು ಬೆಳಕಿನ ತರಂಗಕ್ಕಿಂತ ಬಹಳ ದೊಡ್ಡವು, ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತವೆ. ನೀಲಿಯಂಶ ಇಲ್ಲದಿರುವುದರಿಂದ ಕಣ್ಣಿಗೆ ಆಯಾಸ ಕಡಿಮೆ, ಅಷ್ಟೇ. ಮಂಜಿನಲ್ಲಿ ಕೆಲಸ ಮಾಡುವುದು ಬಣ್ಣವಲ್ಲ; ತಗ್ಗಿನಲ್ಲಿ ಕೂತ ಲ್ಯಾಂಪು ಮತ್ತು ಮೇಲಕ್ಕೆ ಏಳದ ಅಗಲವಾದ ಕಿರಣ. ಅಲ್ಲಿ ತಪ್ಪು ಬಲ್ಬು ಹಾಕಿ ಬೆಳಕು ಮೇಲೆದ್ದರೆ ಎದುರಿಗೆ ಬಿಳಿ ಗೋಡೆಯೊಂದೇ ಕಾಣುತ್ತದೆ.

– ಒಬ್ಬ ವಾಹನ ಎಲೆಕ್ಟ್ರಿಷಿಯನ್